ಹಿಂದಕ್ಕನ ಹಗ್ಗ, ಅಳಿಯನ ಮೋಟಾರು

ಎಲ್ಲರೂ ಮುಂದಕ್ಕೆ ನಡೆದು ಹೊಟ್ಟೆ ಹೊರೆದುಕೊಂಡರೆ ಈ ಹೆಂಗಸು ಹಿಂದಕ್ಕೆ ನಡೆದು ಹೊರೆದುಕೊಂಡವಳು. ಅದಕ್ಕೇ ಓಣಿಯವರು ಅವಳನ್ನು ಹಿಂದಕ್ಕ ಎಂದು ಕರೆದರು. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಈಗ ಆ ಹೆಸರು ಹಿಡಿದು ಕೂಗಿದರೆ ಯಾರನ್ನೋ ಕರೆಯುತ್ತಿದ್ದಾರೆ ಅಂತ ಅವಳೇ ಆಚೀಚೆ ನೋಡುತ್ತಾಳೆ.

ಅವಳ ಕಸುಬು ಹಗ್ಗ ಮಾಡುವುದು. ಮನೆಗಳ ಸಾಲಿನ ಹಿಂದೆ ಒಂದು ಉದ್ದನೆಯ ಓಣಿಯಿದೆ. ಒಂದು ಕಡೆ ಹಿತ್ತಿಲ ಬಾಗಿಲುಗಳು, ಇನ್ನೊಂದು ಕಡೆ ಸುಣ್ಣ ಉದುರಿದ ಗೋಡೆ. ಓಣಿಯ ತಲೆಯಲ್ಲಿ ತಗಡಿನ ಮಾಡು, ಮಾಡಿನ ಕೆಳಗೆ ಆಳೆತ್ತರದ ಮರದ ಚಕ್ರ, ಆ ಚಕ್ರ ತಿರುಗಿದಾಗ ಜೊತೆಗೆ ಗಿರಗಿರನೆ ತಿರುಗುವ ಒಂದು ಕಬ್ಬಿಣದ ಕೊಕ್ಕೆ. ಹಿಂದಕ್ಕ ನಾರಿನ ದೊಡ್ಡ ಕಟ್ಟನ್ನು ಸೊಂಟಕ್ಕೆ ಸುತ್ತಿಕೊಂಡು, ಅದರ ಒಂದು ಚಿಟಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ, ಬೆರಳ ಸಂದಿಯಿಂದ ನಾರು ಬಿಡುತ್ತಾ ಬಿಡುತ್ತಾ ಹಿಂದೆ ಹಿಂದೆ ಹೆಜ್ಜೆ ಹಾಕುತ್ತಾಳೆ. ಚಕ್ರ ತಿರುಗಿದಷ್ಟೂ ನಾರು ಹುರಿಗೊಂಡು ಎಳೆಯಾಗುತ್ತದೆ, ಅವಳು ಹಿಂದೆ ಸರಿದಷ್ಟೂ ಎಳೆ ಉದ್ದವಾಗುತ್ತದೆ. ಓಣಿ ಮುಗಿದಲ್ಲಿಗೆ ಒಂದು ಎಳೆ ಮುಗಿಯಿತು ಅಂತ ಲೆಕ್ಕ.

ಅವಳ ಹಿಮ್ಮಡಿಗೆ ಆ ಓಣಿ ಬಾಯಿಪಾಠ. ಬೇಕರಿಯ ಹಿಂಬಾಗಿಲ ಬೆಚ್ಚನೆಯ ಕಲ್ಲು, ಟೈಲರನ ಮನೆಯವರು ಬಟ್ಟೆ ನೆನೆಸಿಟ್ಟ ಬಕೆಟ್ಟು, ಚರಂಡಿಯ ಮೇಲೆ ಸ್ವಲ್ಪ ಎದ್ದು ನಿಂತ ಚಪ್ಪಡಿ, ಎಲ್ಲವನ್ನೂ ತಿರುಗಿ ನೋಡದೆ ದಾಟುತ್ತಾಳೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ಎಡವಿದವಳಲ್ಲ. ಹೊಸಬರು ಯಾರಾದರೂ ದಾರಿಯಲ್ಲಿ ನಿಂತು ಅವಳ ಬೆನ್ನಿಗೆ ಡಿಕ್ಕಿ ಹೊಡೆಸಿಕೊಂಡರೆ ಬೈಗುಳ ಅವರಿಗೇ. "ಕಣ್ಣು ಕಾಣಲ್ವಾ? ನಾನು ಬರ್ತಿರೋದು ಗೊತ್ತಾಗಲ್ವಾ?" ಅಂತ ಬೆನ್ನು ತೋರಿಸಿಕೊಂಡೇ ಗದರುತ್ತಾಳೆ. ಅವರು ಕ್ಷಮೆ ಕೇಳಿ ಹೋಗುತ್ತಾರೆ, ಆಮೇಲೆ ತಲೆ ಕೆರೆದುಕೊಳ್ಳುತ್ತಾರೆ.

ಇನ್ನು ಚಕ್ರ ತಿರುಗಿಸುವವಳು. ಅವಳು ಹಿಂದಕ್ಕನ ಓರಗಿತ್ತಿ, ಅಂದರೆ ಗಂಡನ ತಮ್ಮನ ಹೆಂಡತಿ. ಓಣಿಯಲ್ಲಿ ಅವಳಿಗೆ ಚಕ್ರದಮ್ಮ ಎಂದು ಹೆಸರು. ಮೊದಲು ಅಣ್ಣ ತಮ್ಮ ಇಬ್ಬರೂ ಸೇರಿ ಈ ಕೆಲಸ ಮಾಡುತ್ತಿದ್ದರು. ಅವರಿಬ್ಬರೂ ಕಣ್ಣು ಮುಚ್ಚಿದ ಮೇಲೆ ಹೆಂಡಂದಿರು ಸೊಂಟ ಕಟ್ಟಿ ನಿಂತರು. ಹಿರಿಯಳು ನಡೆಯುವುದು, ಕಿರಿಯಳು ತಿರುಗಿಸುವುದು. ಓಣಿಯ ಆ ತುದಿಯಿಂದ ಈ ತುದಿಗೆ ಕೂಗಿದರೆ ಚಕ್ರದ ಕಿರುಗುಟ್ಟುವಿಕೆಯಲ್ಲಿ ಏನೂ ಕೇಳಿಸದು. ಅದಕ್ಕೆ ಅಣ್ಣತಮ್ಮಂದಿರ ಕಾಲದಿಂದ ಬಂದ ಒಂದು ಏರ್ಪಾಡು ಇತ್ತು. ಎಳೆಯನ್ನು ಒಮ್ಮೆ ಜಗ್ಗಿದರೆ ನಿಲ್ಲಿಸು ಅಂತ, ಎರಡು ಸಲ ಜಗ್ಗಿದರೆ ತಿರುಗಿಸು ಅಂತ. ಅಷ್ಟೇ. ಅದಕ್ಕಿಂತ ಹೆಚ್ಚಿನ ಮಾತು ಹಗ್ಗದ ಕೆಲಸಕ್ಕೆ ಬೇಕಾಗಿಲ್ಲ.

ಬೇಕಾಗಿಲ್ಲದ್ದು ಒಳ್ಳೆಯದೇ ಆಯಿತು. ಯಾಕೆಂದರೆ ಅವರಿಬ್ಬರಿಗೂ ಮಾತು ಬಿಟ್ಟು ಎಷ್ಟೋ ವರ್ಷವಾಗಿತ್ತು.

ಜಗಳ ಹುಟ್ಟಿದ್ದು ಒಂದು ಉಯ್ಯಾಲೆಯಿಂದ. ಚಕ್ರದಮ್ಮನ ಮಗಳ ಮನೆಯ ಪಡಸಾಲೆಯಲ್ಲಿ ತೂಗುಹಾಕಲೆಂದು ಇಬ್ಬರೂ ಸೇರಿ, ಇದ್ದಬದ್ದ ಕೈಚಳಕವನ್ನೆಲ್ಲ ಸುರಿದು, ಒಂದು ಜೊತೆ ಹಗ್ಗ ಮಾಡಿಕೊಟ್ಟರು. ಮಗಳ ಮಾವ, ಅಂದರೆ ಇವರಿಗೆ ಬೀಗರು, ಸಾಕಷ್ಟು ತೂಕದ ಮನುಷ್ಯ. ಊಟ ಮುಗಿಸಿ ಕೈ ಒರೆಸಿಕೊಂಡು, ಎಲ್ಲರ ಎದುರಿಗೆ ಠೀವಿಯಿಂದ ಉಯ್ಯಾಲೆಯ ಮೇಲೆ ಕೂತರು. ಒಂದು ಸಲ ಮುಂದಕ್ಕೆ ಹೋದರು, ಒಂದು ಸಲ ಹಿಂದಕ್ಕೆ ಬಂದರು, ಆಮೇಲೆ ನೇರ ಕೆಳಕ್ಕೆ ಬಂದರು. ಬಿದ್ದದ್ದು ತಮ್ಮದೇ ಕನ್ನಡಕದ ಮೇಲೆ. ಅವತ್ತಿನಿಂದ ಅವರು ಎಲ್ಲಿಗೆ ಹೋದರೂ ಕಂಕುಳಲ್ಲಿ ಒಂದು ದಿಂಬು ಇಟ್ಟುಕೊಂಡೇ ಹೋಗುತ್ತಾರೆ, ಕೂರುವ ಮೊದಲು ಅದನ್ನು ಹಾಸಿ ಎರಡು ಸಲ ತಟ್ಟಿ ನೋಡುತ್ತಾರೆ.

ತಪ್ಪು ಯಾರದು? "ಚಕ್ರ ತಿರುಗಿಸೋಳು ತೂಕಡಿಸಿದ್ದಾಳೆ, ಹುರಿ ಸಾಲದೆ ಹಗ್ಗ ಸಡಿಲವಾಗಿದೆ" ಎಂದಳು ಹಿಂದಕ್ಕ. "ನಾರು ಬಿಡೋಳು ಟೈಲರನ ಹೆಂಡತಿ ಜೊತೆ ಹರಟೆ ಹೊಡ್ಕೊಂಡು ತೆಳ್ಳಗೆ ಬಿಟ್ಟಿದ್ದಾಳೆ" ಎಂದಳು ಚಕ್ರದಮ್ಮ. ಬೀಗರ ಮನೆಯಲ್ಲೇ, ಬಿದ್ದವರನ್ನು ಎತ್ತುವುದನ್ನೂ ಮರೆತು, ಇಬ್ಬರೂ ಕೈ ತಿರುವಿ ತಿರುವಿ ಕಾದಾಡಿದರು. ಕೊನೆಗೆ ತುಂಡಾದ ಹಗ್ಗದ ಒಂದು ತುದಿಯನ್ನು ಇವಳು ಹಿಡಿದುಕೊಂಡು ಬಂದಳು, ಇನ್ನೊಂದು ತುದಿಯನ್ನು ಅವಳು. ಸಾಕ್ಷಿಗೆ ಬೇಕಾಗುತ್ತದಂತೆ! ಹಿಂದಕ್ಕನ ತುಂಡು ಪೆಟ್ಟಿಗೆಯ ತಳದಲ್ಲಿ ಬೀಗ ಹಾಕಿಸಿಕೊಂಡು ಕೂತಿತು, ಚಕ್ರದಮ್ಮನ ತುಂಡು ಅವಳ ಕೋಣೆಯ ಮೊಳೆಗೆ ನೇತುಬಿತ್ತು. ಆಮೇಲೆ ಮಾತು ನಿಂತಿತು.

ಮಾತು ನಿಂತರೂ ಮನೆ ಒಂದೇ, ಒಲೆ ಒಂದೇ, ಕೆಲಸ ಒಂದೇ. ಹಾಗಾದರೆ ಸಂಸಾರ ನಡೆಯುವುದು ಹೇಗೆ? ಅದಕ್ಕೆ ಬೆಕ್ಕಿತ್ತು. ಓಣಿಗೆ ತೆರೆಯುವ ಅಡುಗೆಮನೆಯ ಹೊಸ್ತಿಲ ಮೇಲೆ ಸದಾ ಬಿದ್ದುಕೊಂಡಿರುವ, ಅರ್ಧ ಕಿವಿ ಹರಿದ, ಮಹಾ ಸೋಮಾರಿ ಬೆಕ್ಕು. ಮಾತೆಲ್ಲ ಅದರ ಮೂಲಕ.

"ಏ ಬೆಕ್ಕೇ, ಊಟ ಆಗಿದೆ. ಯಾರಿಗಾದ್ರೂ ಹಸಿವಾಗಿದ್ರೆ ಬಂದು ಬಡಿಸ್ಕೊಳ್ಳೋಕೆ ಹೇಳು" ಎಂದು ಹಿಂದಕ್ಕ.

"ಏ ಬೆಕ್ಕೇ, ನಿನ್ನೆ ಥರ ಉಪ್ಪು ಸುರಿದಿದ್ರೆ ನಂಗೆ ಬೇಡ ಅಂತ ಹೇಳು" ಎಂದು ಚಕ್ರದಮ್ಮ.

ಬೆಕ್ಕು ಯಾರ ಮಾತನ್ನೂ ಯಾರಿಗೂ ಮುಟ್ಟಿಸುತ್ತಿರಲಿಲ್ಲ. ಆದರೂ ಮಾತು ಮುಟ್ಟುತ್ತಿತ್ತು.

ಹೀಗೆ ಸುಖವಾಗಿ ಜಗಳವಾಡಿಕೊಂಡಿದ್ದ ಮನೆಗೆ ಒಂದು ದಿನ ಚಕ್ರದಮ್ಮನ ಅಳಿಯ ಮೋಟಾರು ಹೊತ್ತು ತಂದ. ಅವನು ನೀರಿನ ಪಂಪು ರಿಪೇರಿ ಮಾಡುವವನು. ಒಳ್ಳೆಯ ಹುಡುಗ. ತೊಂದರೆ ಇದ್ದದ್ದೇ ಅಲ್ಲಿ. ಕೆಟ್ಟವನಾಗಿದ್ದರೆ ಬಾಗಿಲಿಂದಲೇ ಓಡಿಸಬಹುದಿತ್ತು.

"ಅತ್ತೆ, ನಿಮ್ಮ ಭುಜ ನೋಡ್ಕೊಳ್ಳಿ. ಕೈಯೆತ್ತಿ ತಲೆ ಬಾಚ್ಕೊಳ್ಳೋಕೂ ಆಗ್ತಿಲ್ಲ. ಇನ್ನು ಚಕ್ರ ಸಾಕು. ಇದನ್ನ ಕೂರಿಸಿಕೊಡ್ತೀನಿ, ದೊಡ್ಡತ್ತೆ ಒಬ್ರೇ ಆರಾಮಾಗಿ ಹಗ್ಗ ಮಾಡ್ಕೋತಾರೆ. ನೀವು ನಮ್ಮನೆಗೆ ಬಂದ್ಬಿಡಿ. ನಿಮ್ಮ ಮಗಳು ರಸ್ತೆ ಕಡೆ ಕೋಣೆ ಗುಡಿಸಿ ಇಟ್ಟಿದ್ದಾಳೆ."

ಭುಜದ ವಿಷಯ ಸುಳ್ಳಲ್ಲ. ಅದು ಎಲ್ಲರಿಗಿಂತ ಮೊದಲು ಗೊತ್ತಾದದ್ದು ಹಿಂದಕ್ಕನಿಗೆ. ಚಕ್ರದಮ್ಮ ಬಲಗೈ ಬಿಟ್ಟು ಎಡಗೈಯಲ್ಲಿ ತಿರುಗಿಸಲು ಶುರುಮಾಡಿದ ದಿನವೇ ಅವಳು ತನ್ನ ಹೆಜ್ಜೆಯನ್ನು ನಿಧಾನ ಮಾಡಿದ್ದಳು. ಯಾಕೆ ನಿಧಾನ ಅಂತ ಯಾರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಬೆಕ್ಕಿಗೂ ಹೇಳಲಿಲ್ಲ.

ಚಕ್ರದಮ್ಮ ಅಳಿಯನಿಗೆ "ನೋಡೋಣಪ್ಪ" ಎಂದಳು. ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಓರೆಗಣ್ಣಲ್ಲಿ ಅಡುಗೆಮನೆಯ ಕಡೆ ನೋಡಿದಳು. ಅಡುಗೆಮನೆಯಿಂದ ಪಾತ್ರೆ ಕುಕ್ಕಿದ ಸದ್ದು ಬಂತು, ಹಿಂದೆಯೇ ಮಾತೂ ಬಂತು.

"ಏ ಬೆಕ್ಕೇ, ಹೋಗೋರು ಹೋಗ್ಲಿ. ನಾವು ಹಗ್ಗ ಮಾಡೋರು ಅಂತ ಹೋಗೋರನ್ನ ಕಟ್ಟಿ ಹಾಕೋಕಾಗುತ್ತಾ?"

ಚಕ್ರದಮ್ಮನ ಮುಖ ಗಂಟಿಕ್ಕಿತು. "ಏ ಬೆಕ್ಕೇ, ಯಾರಿಗೂ ಬೇಡವಾದ ಮೇಲೆ ಹೋಗೋದೇ ಒಳ್ಳೇದು ಬಿಡು" ಎಂದಳು. ಬೆಕ್ಕು ಮಗ್ಗುಲು ಬದಲಿಸಿತು. ಮಾತು ಅಲ್ಲಿಗೆ ಕೈತಪ್ಪಿತು. ಇಬ್ಬರೂ ಅಂದದ್ದು ಒಂದು, ಮನಸ್ಸಲ್ಲಿದ್ದದ್ದು ಇನ್ನೊಂದು. ಆದರೆ ಒಮ್ಮೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳಲು ಬೆಕ್ಕಿನ ಮುಂದೆ ಕೂಡ ಇಬ್ಬರಿಗೂ ಬಿಗುಮಾನ.

ಅಳಿಯ ಮೋಟಾರು ಕೂರಿಸಿದ. ಅದಕ್ಕೊಂದು ಬೆಲ್ಟು ಹಾಕಿ ಚಕ್ರಕ್ಕೆ ಜೋಡಿಸಿದ. ಓಣಿಯುದ್ದಕ್ಕೂ ಒಂದು ವೈರು ಎಳೆದು, ಅದರ ತುದಿಗೆ ಸ್ವಿಚ್ಚು ಇಟ್ಟು, ಹಿಂದಕ್ಕನ ಸೊಂಟಕ್ಕೇ ಸಿಕ್ಕಿಸಿದ. ಇನ್ನು ಜಗ್ಗುವುದೂ ಬೇಡ, ಒತ್ತಿದರೆ ತಿರುಗುತ್ತದೆ, ಬಿಟ್ಟರೆ ನಿಲ್ಲುತ್ತದೆ. ಇದು ಖಂಡಿತ ಕೆಟ್ಟ ಎಳೆ ತೆಗೆಯುತ್ತದೆ, ಆಗ ಅಳಿಯನಿಗೆ ಸರಿಯಾಗಿ ಝಾಡಿಸಬಹುದು ಅಂತ ಹಿಂದಕ್ಕ ಒಳಗೊಳಗೇ ಮಾತು ಜೋಡಿಸಿಕೊಂಡೇ ಹಿಂದಕ್ಕೆ ಹೆಜ್ಜೆಯಿಟ್ಟಳು. ಎಳೆ ಮುಗಿದ ಮೇಲೆ ಬೆರಳಲ್ಲಿ ಉಜ್ಜಿ ನೋಡಿದಳು. ಎಲ್ಲೂ ಗಂಟಿಲ್ಲ, ಎಲ್ಲೂ ಸಡಿಲವಿಲ್ಲ. ಹಾಳಾದ್ದು, ಚೆನ್ನಾಗಿತ್ತು.

ಆದರೆ ನಡೆಯುವಾಗ ಏನೋ ಸರಿಯಿರಲಿಲ್ಲ. ಹಿಂದಕ್ಕೆ ನಡೆಯುವವಳ ಮುಖ ಯಾವಾಗಲೂ ಚಕ್ರದ ಕಡೆಗೇ ಇರುತ್ತದಲ್ಲವೇ? ಮಾತು ಬಿಟ್ಟ ಅಷ್ಟೂ ವರ್ಷ, ಬೆಳಗಿನಿಂದ ಸಂಜೆಯವರೆಗೆ, ಹಿಂದಕ್ಕ ನೋಡಿದ್ದು ಚಕ್ರದಮ್ಮನ ಮುಖವನ್ನೇ. ಹೆಜ್ಜೆ ಹೆಜ್ಜೆಗೂ ಆ ಮುಖ ಚಿಕ್ಕದಾಗುತ್ತಾ ಹೋಗಿ ಓಣಿಯ ಕೊನೆಯಲ್ಲಿ ಮುಷ್ಟಿಯಷ್ಟಾಗುತ್ತಿತ್ತು, ಹೊಸ ಎಳೆ ಶುರುವಾದಾಗ ಮತ್ತೆ ಪೂರ್ತಿ ಮುಖ. ಅವಳು ಆಕಳಿಸುವುದು, ಮೂಗು ಕೆರೆದುಕೊಳ್ಳುವುದು, ಕಾಗೆಗೆ ಬೈಯುವುದು, ಕಳ್ಳತನದಲ್ಲಿ ಬೆಲ್ಲದ ಚೂರು ಬಾಯಿಗೆ ಹಾಕಿಕೊಂಡು ಏನೂ ಆಗದವಳಂತೆ ಕೂರುವುದು, ಎಲ್ಲ ಇವಳಿಗೆ ಗೊತ್ತು. ಈಗ ಆ ಜಾಗದಲ್ಲಿ ಬೂದು ಬಣ್ಣದ ಒಂದು ಡಬ್ಬ ಗುಂಯ್ ಅಂತ ಕೂತಿತ್ತು. ಚಕ್ರದಮ್ಮ ಒಳಗೆ ಕೂತು ನಾರು ಬಿಡಿಸುತ್ತಿದ್ದಳು. ಹಿಂದಕ್ಕ ಒಳಗೊಳಗೇ ಕೇಳಿಕೊಂಡಳು: ಅವಳು ಹೋಗಿಬಿಟ್ಟರೆ ನಾನು ಯಾರ ಜೊತೆ ಮಾತು ಬಿಡಲಿ?

ಅವತ್ತು ಮಧ್ಯಾಹ್ನ, ಮನೆಯೆಲ್ಲ ತೂಕಡಿಸುವ ಹೊತ್ತಿನಲ್ಲಿ, ಹಿಂದಕ್ಕ ಬೆಕ್ಕಿನ ಹೆಜ್ಜೆಯಲ್ಲಿ ಮಾಡಿನ ಕೆಳಗೆ ಹೋದಳು. ಮೋಟಾರಿನ ಹಿಂಬದಿಯ ಕಿಂಡಿಗಳೊಳಗೆ ಒಂದು ಹಿಡಿ ನಾರನ್ನು ಬೆರಳಿಂದ ಒತ್ತಿ ಒತ್ತಿ ತುಂಬಿದಳು. ಬಂದು ಮಲಗಿ ಗೊರಕೆಯನ್ನೂ ಹೊಡೆದಳು, ಸ್ವಲ್ಪ ಜೋರಾಗಿಯೇ.

ಅಳಿಯ ಬಂದು ಮೋಟಾರು ಬಿಚ್ಚಿದ. "ಇಲಿ ಗೂಡು ಕಟ್ಟಿದೆ, ದೊಡ್ಡತ್ತೆ."

"ಅಯ್ಯೋ, ಇಲ್ಲಿ ಇಲಿ ಕಾಟ ಕೇಳ್ಬೇಡಪ್ಪ. ಬೆಕ್ಕು ಇದ್ದೂ ಪ್ರಯೋಜನ ಇಲ್ಲ" ಎಂದು ಹಿಂದಕ್ಕ ನಿರಪರಾಧಿ ಬೆಕ್ಕಿನ ಮೇಲೆ ಗೂಬೆ ಕೂರಿಸಿದಳು.

ಅವನು ಕಿಂಡಿಗೆ ಜಾಲರಿ ಬಡಿದು ಹೋದ. ಮರುದಿನ ಚಕ್ರ ತಿರುಗಲೇ ಇಲ್ಲ. ಮೋಟಾರು ಗುಂಯ್ ಅನ್ನುತ್ತಿದೆ, ಬೆಲ್ಟು ಮಾತ್ರ ಜಾರಿ ಜಾರಿ ಬೀಳುತ್ತಿದೆ. ಮುಟ್ಟಿ ನೋಡಿದರೆ ಬೆಲ್ಟಿಗೆಲ್ಲ ಎಣ್ಣೆ. ಹಿಂದಕ್ಕ ಕಕ್ಕಾಬಿಕ್ಕಿಯಾದಳು. ಎಣ್ಣೆ ಅವಳ ಕೆಲಸವಲ್ಲ! ಅಳಿಯ ರಿಪೇರಿ ಮಾಡುವಾಗ ಚೆಲ್ಲಿಕೊಂಡಿರಬೇಕು, ದೇವರು ದೊಡ್ಡವನು ಅಂದುಕೊಂಡು ಸುಮ್ಮನಾದಳು. ಆಮೇಲೊಂದು ದಿನ ತಾನೇ ಒಂದು ನಟ್ಟು ಬಿಚ್ಚಿ ನೀರಿನ ಹಂಡೆಯ ಹಿಂದೆ ಎಸೆದಳು. ಅಳಿಯ ಬಂದು ನೋಡಿ, "ಎರಡು ನಟ್ಟು ಇಲ್ವಲ್ಲ!" ಎಂದ. ಹಿಂದಕ್ಕ ಮನಸ್ಸಿನಲ್ಲೇ ಎಣಿಸಿಕೊಂಡಳು. ತಾನು ತೆಗೆದದ್ದು ಒಂದೇ. ಇನ್ನೊಂದನ್ನು ಇವನೇ ಹಾಕಲು ಮರೆತಿರಬೇಕು, ಮರೆಗುಳಿ. ಇಂಥವನಿಗೆ ಮಗಳನ್ನು ಕೊಟ್ಟಿದ್ದಾಳಲ್ಲ ಅಂತ ಚಕ್ರದಮ್ಮನ ಮೇಲೆ ಕನಿಕರವೂ ಆಯಿತು.

ಅಳಿಯನ ತಾಳ್ಮೆಯೂ ತೀರಿತು. ಅವನು ಮೋಟಾರಿಗೆ ಸುತ್ತಲೂ ಜಾಲರಿಯ ಪಂಜರ ಮಾಡಿ, ಬಾಗಿಲಿಟ್ಟು, ಬೀಗ ಜಡಿದ. ಹೊರಗೆ ಉಳಿದದ್ದು ಒಂದು ಗುಂಡಿ ಮಾತ್ರ. ಇಬ್ಬರನ್ನೂ ಕರೆದು ನಿಲ್ಲಿಸಿದ.

"ಇದು ತಿರುಗೋ ದಿಕ್ಕು ಬದಲಾಯಿಸೋ ಗುಂಡಿ. ಒಂದ್ಸಲ ಒತ್ತಿದ್ರೆ ಉಲ್ಟಾ ತಿರುಗುತ್ತೆ. ಇನ್ನೊಂದ್ಸಲ ಒತ್ತಿದ್ರೆ ಮತ್ತೆ ಮೊದಲಿನ ಥರ. ಹೊರಗಿಂದ ನೋಡಿದ್ರೆ ಗೊತ್ತಾಗಲ್ಲ. ಈಗ ಹಗ್ಗ ಕೂಡಿಸೋಕೆ ಸರಿಯಾಗಿ ಇಟ್ಟಿದ್ದೀನಿ, ದಯವಿಟ್ಟು ಯಾರೂ ಕೈ ಹಾಕ್ಬೇಡಿ. ನಾಳೆ ಅಪ್ಪನ್ನ ಕರ್ಕೊಂಡು ಬರ್ತೀನಿ. ಹಗ್ಗ ನೋಡಿ ಅಪ್ಪ ಸೈ ಅಂದ್ರೆ ಮುಗೀತು, ಅತ್ತೆ ನಾಳೆನೇ ನಮ್ಮ ಜೊತೆ."

"ನಾವ್ಯಾಕಪ್ಪ ಮುಟ್ತೀವಿ?" ಎಂದಳು ಹಿಂದಕ್ಕ.

"ನಮಗೇನು ತಿಳಿಯುತ್ತೆ ಇದೆಲ್ಲ?" ಎಂದಳು ಚಕ್ರದಮ್ಮ.

ಇಲ್ಲೊಂದು ವಿಷಯ ಹೇಳಬೇಕು. ಎಳೆ ಹೊಸೆಯುವಾಗ ಚಕ್ರ ಒಂದು ದಿಕ್ಕಿಗೆ ತಿರುಗಬೇಕು. ಆ ಎಳೆಗಳನ್ನೆಲ್ಲ ಒಟ್ಟಿಗೆ ಕೊಕ್ಕೆಗೆ ಸಿಕ್ಕಿಸಿ ಹಗ್ಗವಾಗಿ ಕೂಡಿಸುವಾಗ ಅದರ ವಿರುದ್ಧ ದಿಕ್ಕಿಗೆ ತಿರುಗಬೇಕು. ಆಗಲೇ ಎಳೆಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಳ್ಳುವುದು. ದಿಕ್ಕು ತಪ್ಪಿತೋ, ಎಳೆಗಳು ಮುರುಟಿಕೊಂಡು, ಸುರುಳಿ ಸುತ್ತಿಕೊಂಡು, ಕೊನೆಗೆ ಕೈಯಲ್ಲಿ ಉಳಿಯುವುದು ಹಗ್ಗವಲ್ಲ, ಗುಬ್ಬಿಯ ಗೂಡು. ಉಯ್ಯಾಲೆಯಿಂದ ಬಿದ್ದ ಬೀಗರ ಎದುರಿಗೇ ಅಂಥದ್ದೊಂದು ಗೂಡು ತಯಾರಾದರೆ ಅವರು ಮೋಟಾರಿಗೆ ಸೈ ಅನ್ನುವುದುಂಟೇ? ಹಿಂದಕ್ಕನ ಕಣ್ಣು ಮಿಂಚಿತು.

ಮಾರನೆಯ ಬೆಳಿಗ್ಗೆ ನೀರು ತರುವ ನೆಪದಲ್ಲಿ ಕೊಡ ಹಿಡಿದು ಹೋದವಳು ಆ ಗುಂಡಿಯನ್ನು ಒತ್ತಿಯೇ ಬಿಟ್ಟಳು. ಟಕ್ ಎಂದಿತು. ಕೊಡಕ್ಕೆ ನೀರು ತುಂಬುವುದನ್ನೇ ಮರೆತು ಒಳಗೆ ಬಂದಳು. ಬಂದವಳಿಗೆ ಎದುರಾದದ್ದು ಪೊರಕೆ ಹಿಡಿದು ಹೊರಟ ಚಕ್ರದಮ್ಮ.

"ಏ ಬೆಕ್ಕೇ, ಮಾಡಿನ ಕೆಳಗೆ ಸ್ವಲ್ಪ ಗುಡಿಸಿ ಬರ್ತೀನಿ. ಬೀಗರು ಬರ್ತಾರೆ" ಎಂದು ಅವಳು ಬೆಕ್ಕನ್ನು ದಾಟಿ ಹೋದಳು.

ಹಿಂದಕ್ಕನಿಗೆ ಉರಿದುಹೋಯಿತು. ಹೋಗುವುದಕ್ಕೆ ಎಷ್ಟು ಆತುರ ನೋಡು ಇವಳಿಗೆ! ಗುಡಿಸುವುದೇನು, ಸಾರಿಸುವುದೇನು! ಇಷ್ಟು ವರ್ಷ ಒಂದು ದಿನ ಪೊರಕೆ ಮುಟ್ಟಿದ್ದಳೇ? ನಾನಿಲ್ಲಿ ಇವಳನ್ನು ಉಳಿಸಿಕೊಳ್ಳಲು ಇಲಿಯಾಗಿ ಕೂತಿದ್ದೇನೆ, ಇವಳು ಅಲ್ಲಿ ದಿಬ್ಬಣಕ್ಕೆ ಹೊರಟವಳಂತೆ ಸಡಗರ ಮಾಡುತ್ತಿದ್ದಾಳೆ. ಹಿಂದಕ್ಕ ಖಾಲಿ ಕೊಡವನ್ನು ನೆಲಕ್ಕೆ ಕುಕ್ಕಿದಳು. ಬೆಕ್ಕು ಹೆದರಿ ಒಂದು ಅಡಿ ಹಾರಿತು.

ಬೀಗರು ಬಂದರು, ದಿಂಬಿನ ಸಮೇತ. ಮಾಡಿನ ಪಕ್ಕದಲ್ಲಿ ಕುರ್ಚಿ ಹಾಕಿಸಿ, ದಿಂಬು ತಟ್ಟಿ ಕೂತರು. ಬೇಕರಿಯವನು ಹಿಟ್ಟಿನ ಕೈಯಲ್ಲೇ ಹೊರಗೆ ಬಂದ, ಟೈಲರು ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದ, ಅವನ ಹೆಂಡತಿ ಕೆಲಸವನ್ನೆಲ್ಲ ಬಿಟ್ಟು ಬಂದಳು. ಅಳಿಯ ಎಳೆಗಳನ್ನು ಓಣಿಯುದ್ದಕ್ಕೂ ಎಳೆದು ಒಂದು ತುದಿಯನ್ನು ಕೊಕ್ಕೆಗೆ ಸಿಕ್ಕಿಸಿದ. ಇನ್ನೊಂದು ತುದಿ ಹಿಡಿದು ಹಿಂದಕ್ಕ ಓಣಿಯ ಕೊನೆಯಲ್ಲಿ ನಿಂತಳು, ತುಟಿ ಕಚ್ಚಿ ನಗು ತಡೆದುಕೊಂಡು. ಚಕ್ರದಮ್ಮ ಮಾಡಿನ ಕಂಬಕ್ಕೆ ಒರಗಿದ್ದಳು.

ಅಳಿಯ ಸೊಂಟದ ಸ್ವಿಚ್ಚನ್ನು ಒತ್ತಲು ಕೈಸನ್ನೆ ಮಾಡಿದ. ಹಿಂದಕ್ಕ ಒತ್ತಿದಳು.

ಗುಂಯ್ ಎಂದಿತು. ಚಕ್ರ ತಿರುಗಿತು. ಎಳೆಗಳು ಒಂದರ ಮೈಗೆ ಒಂದು ಸೇರಿದವು. ಹಿಂದಕ್ಕ ಮುರುಟುವುದನ್ನೇ ಕಾದಳು. ಮುರುಟಲಿಲ್ಲ. ಅವಳ ಅಂಗೈಯಲ್ಲಿ ಹಗ್ಗ ತುಂಬುತ್ತಾ ಬಂತು, ದುಂಡಗೆ, ಬಿಗಿಯಾಗಿ, ಜೀವಮಾನದಲ್ಲಿ ಮಾಡಿದ ಒಳ್ಳೆಯ ಹಗ್ಗಗಳಲ್ಲಿ ಒಂದರಂತೆ. ಗುಂಡಿ ಒತ್ತಿದ್ದೆನಲ್ಲ! ಟಕ್ ಎಂದಿತ್ತಲ್ಲ!

ತಲೆಯೆತ್ತಿ ನೋಡಿದಳು. ಓಣಿಯ ಆ ತುದಿಯಲ್ಲಿ ಚಕ್ರದಮ್ಮ ಬಾಯಿ ತೆರೆದುಕೊಂಡು ಹಗ್ಗವನ್ನೇ ನೋಡುತ್ತಿದ್ದಳು. ಆಮೇಲೆ ಗುಂಡಿಯನ್ನು ನೋಡಿದಳು. ಆಮೇಲೆ ನಿಧಾನವಾಗಿ ತಲೆ ತಿರುಗಿಸಿ, ಅಷ್ಟು ದೂರದಿಂದ, ನೇರವಾಗಿ ಹಿಂದಕ್ಕನನ್ನು ನೋಡಿದಳು. ಮುಷ್ಟಿಯಷ್ಟು ಮುಖ. ಆದರೆ ಎಷ್ಟೋ ವರ್ಷದಿಂದ ಅದೇ ಮುಖವನ್ನು ಓದಿದವಳಿಗೆ ಅಷ್ಟು ಸಾಕಾಯಿತು. ಹಿಂದಕ್ಕನಿಗೆ ಪೊರಕೆ ನೆನಪಾಯಿತು. ಬೆಲ್ಟಿನ ಎಣ್ಣೆ ನೆನಪಾಯಿತು. ಎರಡನೆಯ ನಟ್ಟು ನೆನಪಾಯಿತು. ಇವಳು ಒಂದು ಸಲ ಒತ್ತಿದ್ದಾಳೆ, ಅವಳು ಬಂದು ಇನ್ನೊಂದು ಸಲ ಒತ್ತಿದ್ದಾಳೆ. ಇಬ್ಬರೂ ಸೇರಿ ಮೋಟಾರನ್ನು ಸರಿಯಾಗಿ ಇಟ್ಟಿದ್ದಾರೆ!

ಕತ್ತೆ, ನೀನೂನಾ? ಎಂದು ಹಿಂದಕ್ಕನ ಕಣ್ಣು ಕೇಳಿತು. ಸಂತೋಷಕ್ಕೆ ಅಳಬೇಕೋ ದುಃಖಕ್ಕೆ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಚಕ್ರದಮ್ಮನಿಗೂ ಹೋಗುವ ಮನಸ್ಸಿಲ್ಲ, ಆದರೆ ಈಗ ಹೋಗಲೇಬೇಕು.

ಬೀಗರು ಎದ್ದು ಹಗ್ಗವನ್ನು ಹಿಸುಕಿದರು, ಎಳೆದರು, ಮೊಣಕಾಲಿಗೆ ಒತ್ತಿದರು. ಅವರ ಮುಖ ಇವರಿಬ್ಬರಿಗಿಂತ ಸಪ್ಪಗಾಯಿತು. ಪಾಪ, ಅವರ ಸಂಕಟ ಅವರಿಗೆ. ತಮ್ಮನ್ನು ನೆಲಕ್ಕೆ ಕೆಡವಿದ ಹೆಂಗಸು ದಿನಾ ಕಣ್ಣೆದುರಿಗೆ ಓಡಾಡಿಕೊಂಡಿರುವುದು ಯಾರಿಗೆ ಬೇಕು? ಮಗ ಸೊಸೆಯ ಮುಂದೆ ಅದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಈ ಮೋಟಾರು ಕೆಟ್ಟದಾಗಿ ಕೆಲಸ ಮಾಡಲಿ ಅಂತ ಅವರೂ ದಾರಿಯುದ್ದಕ್ಕೂ ಬೇಡಿಕೊಂಡು ಬಂದಿದ್ದರು.

"ಚೆನ್ನಾಗೇ ಇದೆ" ಎಂದರು, ಸಾವಿನ ಸುದ್ದಿ ಹೇಳುವ ದನಿಯಲ್ಲಿ.

ಮೋಟಾರು ಗೆದ್ದ ಖುಷಿಯಲ್ಲಿ ಅಳಿಯನೊಬ್ಬನೇ ಕುಣಿದಾಡಿದ. "ಮುಗೀತು! ಅತ್ತೆ, ನಿಮ್ಮ ಚೀಲ ತಗೊಂಡು ಬನ್ನಿ."

ಚಕ್ರದಮ್ಮ ಒಳಗೆ ಹೋದಳು. ಹಿಂದಕ್ಕ ಓಣಿಯ ಕೊನೆಯಲ್ಲಿ ಹಗ್ಗ ಹಿಡಿದೇ ನಿಂತಿದ್ದಳು. ಏನು ಮಾಡುವುದೆಂದು ತೋಚದೆ ಅವಳ ಕೈ ತನಗೆ ಗೊತ್ತಿದ್ದದ್ದನ್ನೇ ಮಾಡಿತು. ಹಗ್ಗವನ್ನು ಒಮ್ಮೆ ಜಗ್ಗಿತು. ನಿಲ್ಲಿಸು. ಆ ತುದಿಯಲ್ಲಿ ಕೊಕ್ಕೆ ಟಿಣ್ ಅಂದಿತು, ಅಷ್ಟೇ. ಅಲ್ಲಿ ಯಾರೂ ಇರಲಿಲ್ಲ. ಬೂದು ಡಬ್ಬಕ್ಕೆ ಜಗ್ಗಿದ್ದು ಏನು ತಿಳಿಯಬೇಕು? ಚಕ್ರದಮ್ಮ ಚೀಲ ಹಿಡಿದು ಹೊಸ್ತಿಲಿಗೆ ಬಂದಳು.

ಹಿಂದಕ್ಕ ಹಗ್ಗವನ್ನು ಕೈಬಿಟ್ಟಳು. ಸೊಂಟದ ಸ್ವಿಚ್ಚನ್ನು ಕಿತ್ತೆಸೆದಳು. ಓಣಿಯಲ್ಲಿ ಮುಂದಕ್ಕೆ ನಡೆಯತೊಡಗಿದಳು, ನಡೆಯುತ್ತಾ ನಡೆಯುತ್ತಾ ಓಡಿದಳು. ಕೆಲಸದ ಹೊತ್ತಿನಲ್ಲಿ ಅವಳು ಮುಂದಕ್ಕೆ ಓಡಿದ್ದನ್ನು ಓಣಿ ಕಂಡೇ ಇರಲಿಲ್ಲ. ಬೇಕರಿಯ ಕಲ್ಲಿಗೆ ಹೆಬ್ಬೆರಳು ಹೊಡೆಯಿತು, ಟೈಲರನ ಬಕೆಟ್ಟು ಉರುಳಿತು, ಜೀವಮಾನವಿಡೀ ಹಿಮ್ಮಡಿಯಲ್ಲಿ ದಾಟಿದ ಚಪ್ಪಡಿಗೆ ಕಣ್ಣಾರೆ ಕಂಡೂ ಎಡವಿದಳು. ಕುಂಟುತ್ತಾ, ಏದುಸಿರು ಬಿಡುತ್ತಾ, ಒದ್ದೆ ಕಾಲಲ್ಲಿ ಹೊಸ್ತಿಲ ಎದುರಿಗೆ ಬಂದು ನಿಂತಳು.

ಎಲ್ಲರೂ ನೋಡುತ್ತಿದ್ದಾರೆ. ಹೊಸ್ತಿಲ ಮೇಲೆ ಬೆಕ್ಕು ಇದೆ. ಸದ್ಯ!

"ಏ ಬೆಕ್ಕೇ..." ಎಂದು ಶುರುಮಾಡಿದಳು. ಉರುಳಿದ ಬಕೆಟ್ಟಿನ ನೀರು ಹರಿದು ಬಂದು ಬೆಕ್ಕಿನ ಕಾಲಿಗೆ ತಗುಲಿತು. ಬೆಕ್ಕು ಎದ್ದು, ಕಾಲು ಒದರಿ, ಬಾಲ ಎತ್ತಿಕೊಂಡು ಒಳಗೆ ಹೊರಟುಹೋಯಿತು.

ಈಗ ನಡುವೆ ಯಾರೂ ಇಲ್ಲ. ಹಿಂದಕ್ಕ ಚಕ್ರದಮ್ಮನ ಮುಖವನ್ನೇ ನೋಡಿದಳು. ಇಷ್ಟು ಹತ್ತಿರದಿಂದ ನೋಡಿದರೆ ವಯಸ್ಸಾಗಿತ್ತು ಅವಳಿಗೆ.

"ಹೋಗ್ಬೇಡ ಕಣೇ" ಎಂದಳು.

ಟೈಲರನ ಹೆಂಡತಿ ಬಾಯಿಗೆ ಕೈ ಇಟ್ಟುಕೊಂಡಳು. ಚಕ್ರದಮ್ಮನ ಕಣ್ಣು ತುಂಬಿ ಬಂತು. ಆದರೆ ಅವಳೇನು ಕಡಿಮೆಯೇ? ಇಷ್ಟು ವರ್ಷ ಕಾದದ್ದನ್ನು ಅಷ್ಟು ಸುಲಭಕ್ಕೆ ಮುಗಿಸಿಯಾಳೇ? ಅತ್ತಿತ್ತ ನೋಡಿ, ಕತ್ತು ಬಗ್ಗಿಸಿ, ಒಳಗಿನ ಕತ್ತಲೆಗೆ ಕೂಗಿದಳು.

"ಏ ಬೆಕ್ಕೇ, ಎಲ್ಲಿ ಸತ್ತೆ? ಇಲ್ಲಿ ಯಾರೋ ಏನೋ ಅಂದ ಹಾಗಾಯ್ತು. ನನಗೆ ಸರಿಯಾಗಿ ಕೇಳಿಸ್ಲಿಲ್ಲ. ಇನ್ನೊಂದ್ಸಲ ಹೇಳೋಕೆ ಹೇಳು."

"ಹೋಗ್ಬೇಡ ಅಂದೆ!" ಹಿಂದಕ್ಕ ಈ ಸಲ ಕಿರುಚಿದಳು, ಓಣಿಯ ಕೊನೆಗೂ ಕೇಳುವ ಹಾಗೆ. "ಕಿವಿನೂ ಹೋಯ್ತಾ ನಿಂಗೆ? ಚಕ್ರ ಮುಟ್ಬೇಡ, ಹಾಳಾಗ್ಲಿ, ಆ ಡಬ್ಬನೇ ತಿರುಗಿಸ್ಲಿ. ನೀನು ಅಲ್ಲೇ ಪಕ್ಕದಲ್ಲಿ ಸುಮ್ನೆ ಕೂತ್ಕೋ. ನಂಗೆ ಕಾಣೋ ಹಾಗೆ ಕೂತ್ಕೋ. ನೀನಿಲ್ದೆ ನನ್ನ ಕೈಲಿ ಆಗಲ್ಲ ಕಣೇ."

ಚಕ್ರದಮ್ಮ ಚೀಲವನ್ನು ಕೆಳಗಿಟ್ಟಳು.

"ಹೂಂ, ಕೂತ್ಕೋತೀನಿ ಅಕ್ಕ" ಎಂದಳು.

ಎಲ್ಲರಿಗಿಂತ ದೊಡ್ಡ ನಿಟ್ಟುಸಿರು ಬಿಟ್ಟವರು ಬೀಗರು. "ತಾಯಿ ಸಮಾನ ಅಕ್ಕನ್ನ ಬಿಟ್ಟು ಬರೋದು ಸರಿಯಲ್ಲ, ಬಲವಂತ ಮಾಡ್ಬೇಡ" ಎಂದು ಮಗನಿಗೆ ಬುದ್ಧಿ ಹೇಳಿ, ದಿಂಬನ್ನು ಕಂಕುಳಿಗೆ ಸಿಕ್ಕಿಸಿ, ಯಾರಾದರೂ ಮನಸ್ಸು ಬದಲಾಯಿಸುವ ಮೊದಲೇ ಬಿರಬಿರನೆ ಹೊರಟರು. ಅಳಿಯನಿಗೆ ಏನು ನಡೆಯಿತೆಂದು ಪೂರ್ತಿ ತಿಳಿಯಲಿಲ್ಲ. ಪಂಜರದ ಬೀಗದ ಕೈಯನ್ನು ಅತ್ತೆಯ ಕೈಗಿಟ್ಟು ಹೋದ.

ಮೋಟಾರು ಈಗಲೂ ಇದೆ. ಅದರ ಪಕ್ಕದಲ್ಲೇ ಒಂದು ಮಣೆ ಹಾಕಿಕೊಂಡು ಚಕ್ರದಮ್ಮ ಕೂರುತ್ತಾಳೆ. ಸ್ವಿಚ್ಚು ಅವಳ ಕೈಯಲ್ಲೇ. ಇನ್ನೊಂದು ಕೈಯ ಬೆರಳು ಎಳೆಯ ಮೇಲೆ. ಹಿಂದಕ್ಕ ಒಮ್ಮೆ ಜಗ್ಗಿದರೆ ನಿಲ್ಲಿಸುತ್ತಾಳೆ, ಎರಡು ಸಲ ಜಗ್ಗಿದರೆ ತಿರುಗಿಸುತ್ತಾಳೆ. ಆದರೆ ಎಳೆ ಮುಗಿದು ಹಿಂದಕ್ಕ ಹತ್ತಿರ ಬಂದಳೋ, ಶುರುವಾಯಿತು. ಉಯ್ಯಾಲೆಯ ಹಗ್ಗ ತುಂಡಾದದ್ದು ಹುರಿ ಸಾಲದೆಯೋ, ನಾರು ತೆಳುವಾಗಿಯೋ? ಪೆಟ್ಟಿಗೆಯ ತುಂಡು, ಮೊಳೆಯ ತುಂಡು ಎರಡೂ ಹೊರಗೆ ಬಂದಿವೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ಬೆರಳು ತೋರಿಸಿ ತೋರಿಸಿ, ನೇರವಾಗಿ ಒಬ್ಬರ ಮುಖಕ್ಕೆ ಒಬ್ಬರು ಬೈದುಕೊಳ್ಳುತ್ತಾರೆ. ಬೇಕರಿಯವನು ಕಿವಿಗೆ ಹತ್ತಿ ಇಟ್ಟುಕೊಂಡು ಹಿಟ್ಟು ನಾದುತ್ತಾನೆ. ತೀರ್ಮಾನ ಇನ್ನೂ ಆಗಿಲ್ಲ, ಆಗುವ ಲಕ್ಷಣವೂ ಇಲ್ಲ.

ಮೋಟಾರು ಬಂದು ಆ ಮನೆಯಲ್ಲಿ ಕೆಲಸ ಕಳೆದುಕೊಂಡದ್ದು ಬೆಕ್ಕು ಮಾತ್ರ.